ಶಾನ್‌ತುಂಗದ ತಾಯಿಬೆಟ್ಟ

ನಾನು ಕುಷ್ಟಗಿಯ ಮಗಳು, ಕೊಪ್ಪಳದ ಸೊಸೆ. ಗಂಡನದು ಸಿಂಪಿಗರ ಮನೆ. ಪಡಸಾಲೆಯಲ್ಲೇ ಹೊಲಿಗೆಯ ಮಷೀನು, ಅದರ ಹಿಂದೆ ನಮ್ಮ ಮನೆಯವರು, ಒಳಬಾಗಿಲ ಹೊಸ್ತಿಲಲ್ಲಿ ಅಂಗಿಗಳಿಗೆ ಗುಂಡಿಯ ಕಾಜ ಮಾಡುತ್ತ ನನ್ನ ಅತ್ತೆ. ನಾನು ಆ ಮನೆ ಸೇರಿದ ವರ್ಷ, ದೀಪಾವಳಿ ಮುಗಿದು ಚಳಿ ಬೀಳುತ್ತಿದ್ದ ಹೊತ್ತಿನಲ್ಲಿ, ಒಬ್ಬ ಚೀನಾದವನು ಬಂದು ನಮ್ಮ ಕಟ್ಟೆಯ ಮೇಲೆ ದೊಡ್ಡದೊಂದು ನೀಲಿ ಗಂಟು ಇಳಿಸಿದ. ಅಂಥ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಬಾಗಿಲ ಹಿಂದೆ ಸರಿದೆ.

"ಅಂಜಬ್ಯಾಡ, ವರ್ಷಕ್ಕೊಮ್ಮೆ ಬರ್ತಾನ ಅಂವ," ಅಂದರು ಅತ್ತೆ. "ರೇಶ್ಮಿ ಮಾರಾಂವ. ನೀರು ತಂದು ಕೊಡು."

ಅವನು ಹಡಗಿನಲ್ಲಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬಳ್ಳಾರಿಯಲ್ಲಿ ಅವನಂಥ ನಾಲ್ಕಾರು ಜನ ಒಂದು ಕೋಣೆ ಹಿಡಿದಿದ್ದರು. ಅಲ್ಲಿಂದ ಸರಕು ಹೊತ್ತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಡುವರು. ಇವನ ಪಾಲಿಗೆ ಬಂದದ್ದು ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ದಾರಿ. ಸಿಕಂದರಾಬಾದಿನಲ್ಲಿ ಉರ್ದು ಕಲಿತು, ಹಾದಿಯ ಮೇಲೆ ಕನ್ನಡ ಕಲಿತಿದ್ದ. ಎರಡನ್ನೂ ಕಲಸಿ ಮೆಲ್ಲಗೆ ಆಡುತ್ತಿದ್ದ. ಅವನ ರೇಶಿಮೆ ಜೇನಿನ ಬಣ್ಣದ್ದು, ಸ್ವಲ್ಪ ಒರಟು. ದೇಸಾಯರ ಮನೆಗಳವರು ಅದನ್ನು ಕೊಂಡು ಅಂಗಿ ಹೊಲಿಯಲು ನಮ್ಮ ಮನೆಯವರಿಗೆ ಕೊಡುತ್ತಿದ್ದರು. ಹಾಗಾಗಿ ಅವನಿಗೆ ನಮ್ಮ ಕಟ್ಟೆ ತನ್ನದೇ ಅನ್ನುವಷ್ಟು ರೂಢಿಯಾಗಿತ್ತು.

ನನ್ನ ಅತ್ತೆಗೆ ದೂರದ ಊರುಗಳ ಹುಚ್ಚು. ಕಾಶಿಗೆ ಹೋಗಬೇಕೆಂದು ಮದುವೆಯಾದಾಗಿನಿಂದ ಹಂಬಲಿಸಿದರೂ ಹುಲಿಗಿ ಮತ್ತು ಹಂಪಿ ದಾಟಿ ಹೋದವರಲ್ಲ. ಯಾರೇ ಪರಸ್ಥಳದವರು ಬರಲಿ, ಮೊದಲು ಕೇಳುವ ಮಾತು ಒಂದೇ: "ನಿಮ್ಮ ಕಡೆ ನೋಡೂವಂಥಾದ್ದು ಏನೈತ್ರೀ?"

ಚೀನಾದವನು ಈ ಪ್ರಶ್ನೆಗೆ ಕಾಯುತ್ತಿದ್ದ ಅನ್ನಿಸುತ್ತದೆ. ಕುಪ್ಪಸದ ಬಟ್ಟೆಯನ್ನು ಮಡಚುತ್ತ ಹೇಳಲು ತೊಡಗುತ್ತಿದ್ದ. ಅವನ ಸುಬಾದ, ಅಂದರೆ ಪ್ರಾಂತದ, ಹೆಸರು ಶಾನ್‌ತುಂಗ. ಅದರ ದೊಡ್ಡ ಶಹರದಲ್ಲಿ ಓಣಿಗೊಂದು ನೀರಿನ ಬುಗ್ಗೆ. ನಡುವಿನ ಹೊಂಡದಲ್ಲಿ ಮೂರು ಬುಗ್ಗೆ ಒಟ್ಟಿಗೆ ಅನ್ನ ಕುದಿದಂತೆ ಏಳುತ್ತವೆ. ಊರೆಲ್ಲ ಹಿಮ ಬಿದ್ದಾಗಲೂ ಆ ನೀರು ಬೆಚ್ಚಗಿದ್ದು ಹೊಗೆಯಾಡುತ್ತದೆ. ಮನೆಮನೆಯ ಮುಂದೆ ಕೂದಲು ಇಳಿಬಿಟ್ಟಂಥ ಮರಗಳು. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಬಾವಿಯ ಹತ್ತಿರ ಜಗಳಾಡುವ ನಾವು ಇದನ್ನು ಕೇಳಿ ನಗುತ್ತಿದ್ದೆವು.

ಇನ್ನೊಂದು ಊರಿನಲ್ಲಿ ಹಳೆಯ ಕಾಲದ ಒಬ್ಬ ಗುರುವಿನ ಗುಡಿ. ಅವನು ದೇವರಲ್ಲ, ಸಾಲಿ ಕಲಿಸಿದವನು. ಗುಡಿಯ ಕಂಬಗಳಿಗೆ ರೆಕ್ಕೆಯಿಲ್ಲದೆ ಹಾರುವ ಹಾವುಗಳನ್ನು ಸುತ್ತಿದಂತೆ ಕೆತ್ತಿದ್ದಾರೆ. ರಾಜ ಬಂದಾಗ ಕಂಬಗಳನ್ನು ರೇಶಿಮೆ ಬಟ್ಟೆಯಿಂದ ಮುಚ್ಚುತ್ತಿದ್ದರಂತೆ, ತನ್ನ ಅರಮನೆಯ ಕಂಬಕ್ಕಿಂತ ಚೆಂದ ಅಂತ ರಾಜನಿಗೆ ಹೊಟ್ಟೆಕಿಚ್ಚಾದೀತೆಂದು. ಆ ಗುರುವಿನ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು, ಎಲ್ಲರನ್ನೂ ಒಂದೇ ಅಡವಿಯೊಳಗೆ ಮಣ್ಣು ಮಾಡಿಕೊಂಡು ಬಂದಿದ್ದಾರೆ.

"ಸತ್ತ ಮ್ಯಾಗೂ ಎಲ್ಲಾರೂ ಕೂಡೇ ಇರ್ತಾರಂದ್ರ ಪುಣ್ಯವಂತರು," ಅಂದರು ಅತ್ತೆ.

"ಇದೆಲ್ಲಾ ಸಣ್ಣದು ಅವ್ವಾರ," ಅಂದ ಅವನು. "ನಮ್ಮ ಸುಬಾದಾಗ ಎಲ್ಲಾಕ್ಕಿಂತ ದೊಡ್ಡದು ತಾಯ್ ಶಾನ್."

ಶಾನ್ ಅಂದರೆ ಬೆಟ್ಟ ಎಂದು ಅವನೇ ಹೇಳಿದ. ತಾಯ್ ಅಂದರೆ ಏನೆಂದು ಹೇಳುವುದಕ್ಕೂ ಅತ್ತೆ ಬಿಡಲಿಲ್ಲ. "ತಾಯಿ ಬೆಟ್ಟ," ಅಂದರು. ಅವನು ಕೈಯಾಡಿಸಿ, ತಮ್ಮ ಮಾತಿನಲ್ಲಿ ಅರ್ಥ ಬೇರೆ ಅಂದ. "ಯಾವ ಮಾತಿನ್ಯಾಗಾದ್ರೂ ತಾಯಿ ಅಂದ್ರ ತಾಯೀನ," ಅಂದರು ಅತ್ತೆ. ಅಂದಿನಿಂದ ನಮ್ಮ ಮನೆಯಲ್ಲಿ ಅದು ತಾಯಿಬೆಟ್ಟವೇ ಆಯಿತು. ಆಮೇಲಾಮೇಲೆ ಅವನೂ ಹಾಗೆಯೇ ಅನ್ನತೊಡಗಿದ.

ನಮ್ಮ ಕೊಪ್ಪಳದ ಕೋಟೆಗುಡ್ಡದಂಥವನ್ನು ಒಂದರ ಮೇಲೊಂದು ಏರಿಸಿದರೂ ಸಾಲದಷ್ಟು ಎತ್ತರ. ಬುಡದಿಂದ ತುದಿಯವರೆಗೆ ಕಲ್ಲಿನ ಮೆಟ್ಟಿಲು. ಇಕ್ಕೆಲದ ಬಂಡೆಗಳ ಮೇಲೆ ರಾಜರು ಬರೆಸಿದ ಅಕ್ಷರ, ಒಂದೊಂದು ಅಕ್ಷರ ಮನುಷ್ಯನ ಎತ್ತರ. ಮೇಲೆ ಕೆಂಪು ಗೋಡೆಯ ಬಾಗಿಲು, ಆಕಾಶದ ಬಾಗಿಲೆಂದೇ ಅದಕ್ಕೆ ಹೆಸರು. ಅದನ್ನು ದಾಟಿದರೆ ಗಾಳಿಗೆ ಹಾರಿಹೋಗದಂತೆ ತಾಮ್ರದ ಹಂಚು ಹೊದಿಸಿದ ಗುಡಿ. ಅಲ್ಲಿ ಒಬ್ಬ ದೇವಿ.

"ಏನು ಕೊಡ್ತಾಳ ಆಕಿ?" ಅತ್ತೆ ಕೇಳಿದರು.

"ಕೂಸು," ಅಂದ.

ಆಗ ನಾನು ಹೊಸ ಮದುಮಗಳು. ನಾಚಿ ಒಳಗೆ ಹೋದೆ.

ಮರುವರ್ಷ ನನ್ನ ಮೊದಲ ಬಸಿರು ನಿಲ್ಲಲಿಲ್ಲ. ಅದರ ಮುಂದಿನ ವರ್ಷ ತಿಂಗಳು ತುಂಬಿ ಗಂಡುಮಗು ಹುಟ್ಟಿತು, ಉಸಿರಿರಲಿಲ್ಲ. ಸೂಲಗಿತ್ತಿ ಅದನ್ನು ನನಗೆ ತೋರಿಸದೆ ಬಟ್ಟೆಯಲ್ಲಿ ಸುತ್ತಿ ಹಿತ್ತಲ ಬಾಗಿಲಿನಿಂದ ಒಯ್ದಳು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದು ಮಲಗಿದ್ದಾಗ ಹೊರಗೆ ಮಷೀನಿನ ಸದ್ದು ಕೇಳುತ್ತಿತ್ತು. ಯಾರದೋ ಮದುವೆಯ ಬಟ್ಟೆ ತುರ್ತಾಗಿ ಹೊಲಿಯಬೇಕಾಗಿತ್ತು. ನಮ್ಮ ಮನೆಯವರು ಹೊಲಿಯುತ್ತಿದ್ದರು. ಅವರನ್ನು ನಾನು ದೂರಲಾರೆ. ಅವರಿಗೆ ಕೈಗೆ ಕೆಲಸವಿಲ್ಲದಿದ್ದರೆ ದುಃಖವನ್ನು ಎಲ್ಲಿ ಇಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ಆ ಸಲ ಚೀನಾದವನು ಬಂದಾಗ ಅತ್ತೆ ಎಲ್ಲವನ್ನೂ ಹೇಳಿದರು. ಅವನು ಗಂಟು ಬಿಚ್ಚಲಿಲ್ಲ. ಆಮೇಲೆ ತನ್ನ ಹೆಂಡತಿಯ ಸುದ್ದಿ ತೆಗೆದ. ಅದೇ ಮೊದಲ ಸಲ.

ಅವಳಿಗೂ ಮೊದಲ ಎರಡು ಮಕ್ಕಳು ಉಳಿದಿರಲಿಲ್ಲ. ಅವರ ಕಡೆ ಹೆಣ್ಣುಮಕ್ಕಳ ಪಾದವನ್ನು ಚಿಕ್ಕಂದಿನಲ್ಲೇ ಬಿಗಿದು ಕಟ್ಟಿ ಬೆಳೆಯದಂತೆ ಮಾಡುತ್ತಾರೆ. ಹೆಂಡತಿಯ ಪಾದ ಎಷ್ಟಿತ್ತೆಂದು ತನ್ನ ಮುಷ್ಟಿ ಹಿಡಿದು ತೋರಿಸಿದ. ಆ ಪಾದದಲ್ಲಿ ಅವಳು ತಾಯಿಬೆಟ್ಟ ಹತ್ತಿದಳು. ಕುರ್ಚಿಯಲ್ಲಿ ಹೊತ್ತೊಯ್ಯುವವರಿದ್ದರೂ ಬೇಡ ಅಂದಳಂತೆ. ಅರ್ಧ ದಾರಿಗೆ ನಿಲ್ಲಲಾಗದೆ, ಉಳಿದ ಮೆಟ್ಟಿಲುಗಳನ್ನು ಕೈಯೂರಿ ಮಂಡಿಯ ಮೇಲೆ ಏರಿದಳು. ಗುಡಿಯಲ್ಲಿ ಸಾಲಾಗಿ ಇಟ್ಟಿದ್ದ ಮಣ್ಣಿನ ಕೂಸುಗಳಲ್ಲಿ ಒಂದನ್ನು ಆರಿಸಿ, ಕೆಂಪು ದಾರ ಕಟ್ಟಿ, ಅಂಗಿಯೊಳಗೆ ಬಚ್ಚಿಟ್ಟು ತಂದಳು. ಇಳಿಯುವಾಗ ದಾರಿಯ ಮರದ ಕವಲಿನಲ್ಲಿ ಒಂದು ಕಲ್ಲು ಇಟ್ಟಳು. ಅಲ್ಲಿ ಕೂಸು ಬೇಡುವ ಹೆಂಗಸರೆಲ್ಲ ಹಾಗೆ ಇಡುತ್ತಾರೆ. ಕೊಂಬೆಗಳು ಕಾಯಿ ಬಿಟ್ಟಂತೆ ಕಲ್ಲು ಹೊತ್ತು ನಿಂತಿರುತ್ತವೆ. ಮರುವರ್ಷ ಮಗ ಹುಟ್ಟಿದ.

"ಈಗೆಷ್ಟು ದೊಡ್ಡಾಂವ?" ಅತ್ತೆ ಕೇಳಿದರು.

"ನಾ ಬರೂವಾಗ ಗ್ವಾಡಿ ಹಿಡಿದು ನಿಲ್ತಿದ್ದ. ಈಗ ಹೊಲ ಹೂಡತಿರಬೇಕು." ಅವನು ನನ್ನ ಕಡೆ ತಿರುಗಿ, "ಆ ದೇವಿ ಕೊಡ್ತಾಳ ತಂಗಿ. ಖರೇ ಕೊಡ್ತಾಳ," ಅಂದ.

ಅವನು ಹೋದ ಮೇಲೆ ಅತ್ತೆಗೆ ಅದೇ ಧ್ಯಾನ. ಚೀನಾಕ್ಕೆ ಹೋಗುವುದುಂಟೇ? ಬೆಟ್ಟ ಯಾವುದಾದರೇನು, ಹತ್ತುವ ಕಾಲು ಮುಖ್ಯ ಅಂದರು. ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ತೊಟ್ಟಿಲು ಕಟ್ಟಿದೆವು. ಅಲ್ಲಿಂದ ಗಂಗಾವತಿ ಕಡೆಯ ಚಕ್ಕಡಿಯಲ್ಲಿ ಆನೆಗುಂದಿಗೆ ಹೋಗಿ, ಸಾಣಾಪುರದ ಆಚೆಯ ಒಂದು ಗುಡ್ಡ ಏರಿದೆವು. ಮೆಟ್ಟಿಲು ಇಲ್ಲ, ಬರೀ ಬಂಡೆ. ಅತ್ತೆ ಚಪ್ಪಲಿ ಬಿಡಿಸಿದ್ದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾನು ಹಿಡಿದು ಹಿಡಿದು ಹತ್ತಿದೆ. ನೆತ್ತಿಯ ಹತ್ತಿರ ಬಂಡೆಯ ಸಂದಿನಲ್ಲಿ ಒಂದೇ ಒಂದು ಬಸರಿಮರ.

"ಬಸರಿಗಿಡ. ಹೆಸರ ಛಲೋ ಐತಿ," ಅಂದರು ಅತ್ತೆ. "ಇಡು."

ನಾನು ಕವಲಿನಲ್ಲಿ ಕಲ್ಲಿಟ್ಟೆ. ಕೆಳಗೆ ಹೊಳೆ, ಭತ್ತದ ಹಸಿರು, ಹಂಪಿಯ ಕಡೆಯ ಗುಡ್ಡಗಳು. ಕೈಮುಗಿಯುವಾಗ ಯಾವ ದೇವಿಯನ್ನು ನೆನೆಯಬೇಕೆಂದು ಗೊಂದಲವಾಯಿತು. ತಾಮ್ರದ ಹಂಚಿನ ಗುಡಿಯೇ ಕಣ್ಣಿಗೆ ಬಂತು.

ಬಸಿರಾದೆ. ದೀಪಾವಳಿಗೆ ಬಂದ ಚೀನಾದವನು ನನ್ನನ್ನು ನೋಡಿ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಂಟಿನ ತಳದಿಂದ ಕೆಂಪು ರೇಶಿಮೆಯ ತುಂಡು ತೆಗೆದು, ಕೂಸಿನ ಕುಂಚಿಗೆಗೆ ಇರಲಿ ಎಂದು ಕೊಟ್ಟ. ಜಪಾನಿನವರು ತನ್ನ ದೇಶದ ಮೇಲೆ ಬಿದ್ದಿದ್ದಾರೆ ಎಂದೂ ಹೇಳಿದ. ಆದರೆ ಲಡಾಯಿ ತನ್ನ ಊರಿಗೆ ದೂರ, ನಡುವೆ ದೊಡ್ಡ ಹೊಳೆ ಇದೆ, ದಾಟಲಾರರು ಅಂದ. ಮುಂದಿನ ವರ್ಷ ಊರಿಗೆ ಹೋಗುವುದಾಗಿ ಹೇಳಿ, ಅತ್ತೆಗೆ ತಾಯಿಬೆಟ್ಟದ ಮಣ್ಣು ತಂದುಕೊಡುವ ಮಾತು ಕೊಟ್ಟ.

ಹೆಣ್ಣುಮಗು ಹುಟ್ಟಿತು. ಅತ್ತಿತು, ಹಾಲು ಕುಡಿಯಿತು, ಬೆರಳು ಹಿಡಿಯಿತು. ನಮ್ಮ ಮನೆಯವರು ಆ ಕೆಂಪು ರೇಶಿಮೆಯಲ್ಲಿ ಕುಂಚಿಗೆ ಹೊಲಿದು, ಅಂಚಿಗೆ ಬಿಳಿ ದಾರದ ಹೂವು ಹಾಕಿದರು. ಬೇಸಿಗೆಯಲ್ಲಿ ಮಗುವಿಗೆ ವಾಂತಿಭೇದಿ ಹತ್ತಿತು. ಔಷಧಿ ಹಾಕಿಸಿದೆವು, ತಾಯಿತ ಕಟ್ಟಿಸಿದೆವು. ಒಂದು ಮಧ್ಯಾಹ್ನ ನನ್ನ ತೊಡೆಯ ಮೇಲೆ ಅದು ಹಗುರವಾಯಿತು. ಅಷ್ಟೇ. ಅತ್ತೆ ಮಗುವಿನ ಬಾಯಿಗೆ ನೀರು ಬಿಟ್ಟರು. ನೀರು ಗಲ್ಲದ ಮೇಲೆ ಇಳಿದು ಕುಂಚಿಗೆಯ ಲಾಡಿ ತೊಯ್ಯಿತು.

ಅದರ ನಂತರ ನಾನು ಬಸಿರಾಗಲಿಲ್ಲ.

ಆ ವರ್ಷ ಚೀನಾದವನು ತಡವಾಗಿ ಬಂದ. ಸಂಕ್ರಾಂತಿ ಹತ್ತಿರವಾಗಿತ್ತು. ಕಟ್ಟೆಯ ಮೇಲೆ ಗಂಟು ಇಳಿಸಲೂ ಇಲ್ಲ, ಹೊತ್ತುಕೊಂಡೇ ನಿಂತ. ಒಳಗೆಲ್ಲ ಕಣ್ಣಾಡಿಸಿ, "ಕೂಸೆಲ್ಲಿ?" ಅಂತ ಕೇಳಿದ.

ಅತ್ತೆ ಉತ್ತರ ಕೊಡದೆ ಅವನನ್ನೇ ಕೇಳಿದರು. "ನಿನ್ನ ಮನಿಯವ್ರು ಹ್ಯಾಂಗದಾರ?"

ಇಬ್ಬರಿಗೂ ಗೊತ್ತಾಯಿತು. ಅತ್ತೆ ಎದ್ದು ಹೋಗಿ ಅವನ ಬೆನ್ನಿನ ಗಂಟಿಗೆ ಕೈಹಾಕಿ ಇಳಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟರು. ಅವನು ಮುಟ್ಟಲಿಲ್ಲ.

ಬಳ್ಳಾರಿಗೆ ಅವನ ಸೀಮೆಯ ಇನ್ನೊಬ್ಬ ಬಂದಿದ್ದನಂತೆ, ಕೊನೆಯ ಹಡಗುಗಳಲ್ಲಿ ಒಂದನ್ನು ಹಿಡಿದು. ಬುಗ್ಗೆಗಳ ಶಹರ ಜಪಾನಿನವರ ಕೈಗೆ ಹೋಗಿತ್ತು. ಬೆಟ್ಟದ ಬುಡದ ದಾರಿಯಲ್ಲೇ ಸೈನ್ಯ ಹಾದುಹೋಗಿತ್ತು. ದಾರಿಯ ಪಕ್ಕದ ಹಳ್ಳಿಗಳಿಗೆ ಬೆಂಕಿ ಬಿದ್ದಿತ್ತು. ಇವನದು ದಾರಿಯ ಪಕ್ಕದ ಹಳ್ಳಿ.

"ಹೆಂಡತಿ, ಮಗ?" ನಮ್ಮ ಮನೆಯವರು ಮಷೀನು ನಿಲ್ಲಿಸಿ ಕೇಳಿದರು.

"ಗೊತ್ತಿಲ್ಲಣ್ಣ. ಓಡೋರು ಓಡ್ಯಾರ ಅಂದ ಬಂದಾಂವ. ಆಕಿ ಹ್ಯಾಂಗ ಓಡ್ಯಾಳು?" ಅವನು ಮತ್ತೆ ಮುಷ್ಟಿ ಹಿಡಿದ. ಹಿಡಿದ ಕೈಯನ್ನು ತಾನೇ ನೋಡುತ್ತ ಕೂತ.

ಅತ್ತೆ ರೊಟ್ಟಿಯ ತಾಟನ್ನು ಅವನ ಹತ್ತಿರ ಸರಿಸಿದರು. "ತಾಯಿಬೆಟ್ಟ ಅಲ್ಲೇ ಐತೆಲ್ಲಪ್ಪಾ. ಆ ದೇವಿ ಕಾಯ್ತಾಳ," ಅಂದರು.

"ಬೆಟ್ಟ ಐತಿ ಅವ್ವಾರ. ಸಿಪಾಯಿಗೋಳು ಹತ್ತಿ ನೋಡಿ ಬರ್ತಾರಂತ. ಭಾಳ ಚಂದ ಐತಿ ಅಂತಾರಂತ."

ಆಮೇಲಿನ ವರ್ಷಗಳನ್ನು ನೆನೆದರೆ ಬಟ್ಟೆಯ ಮಡಿಕೆಗಳಂತೆ ಒಂದರ ಮೇಲೊಂದು ಕೂತುಬಿಟ್ಟಿವೆ, ಬಿಡಿಸಲು ಬರುವುದಿಲ್ಲ. ದೊಡ್ಡ ಲಡಾಯಿ ಬಂತು, ಹಡಗು ನಿಂತವು, ರೇಶಿಮೆ ನಿಂತಿತು. ಬಳ್ಳಾರಿಯ ಕೋಣೆಯವರು ಚೆದುರಿದರು. ಇವನು ಗಂಗಾವತಿಯಲ್ಲಿ ಒಂದು ಮುರುಕು ಕೋಣೆ ಹಿಡಿದು, ಬಾಚಣಿಕೆ, ದಾರದುಂಡೆ, ಕಾಗದದ ಹೂವು ಮಾರತೊಡಗಿದ. ಜಪಾನಿನವರು ಬರ್ಮಾದವರೆಗೆ ಬಂದರೆಂಬ ಸುದ್ದಿ ಹಬ್ಬಿದಾಗ, ಯಾವುದೋ ಹಳ್ಳಿಯಲ್ಲಿ ಜನ ಇವನ ಕಣ್ಣು, ಮೂಗು ನೋಡಿ ಜಪಾನಿ ಎಂದು ಕಲ್ಲು ಹೊಡೆದರು. ಹುಬ್ಬಿನ ಮೇಲೆ ಕಲೆ ಹೊತ್ತು ಬಂದ. ಯಾವ ಊರೆಂದು ನಮ್ಮ ಮನೆಯವರು ಎಷ್ಟು ಕೇಳಿದರೂ ಹೇಳಲಿಲ್ಲ. ಅಲ್ಲಿಗೆ ಮತ್ತೆ ಬಾಚಣಿಕೆ ಮಾರಲು ಹೋಗಬೇಕಲ್ಲ ಅಂದ.

ಈ ನಡುವೆ ನಮ್ಮ ಮನೆಯವರಿಗೆ ಎರಡನೇ ಮದುವೆಯಾಯಿತು. ಹೆಣ್ಣು ನೋಡಿದವರು ಅತ್ತೆಯೇ. ಯಲಬುರ್ಗಾದ ಹುಡುಗಿ. ಮಾತು ಮುಗಿಸಿ ಬಂದ ದಿನ ಅತ್ತೆ ನನ್ನ ಮುಂದೆ ಕೂತು, "ನನಗ ಬೈಯಿ ತಂಗಿ. ಒಂದೀಟು ಬೈಯಿ," ಅಂದರು. ನನಗೆ ಬೈಯಲು ಬರಲಿಲ್ಲ. ಅವರ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಮದುವೆಗೆ ನಾನೇ ಕುಪ್ಪಸ ಹೊಲಿದೆ. ಆ ಹುಡುಗಿ ವರ್ಷದೊಳಗೆ ಗಂಡು ಹೆತ್ತಳು. ಅವಳು ಕೆಟ್ಟವಳಲ್ಲ, ಕೂಸನ್ನು ನನ್ನ ಮಡಿಲಿಗೆ ಹಾಕುತ್ತಿದ್ದಳು. ನನ್ನ ಕೈಯಲ್ಲಿ ಏನಾದರೂ ಆದೀತೆಂದು ಬೇಗ ಕೆಳಗಿಡುತ್ತಿದ್ದೆ.

ಚೀನಾದವನು ಕೊನೆಯ ಸಲ ಬಂದದ್ದು ಲಡಾಯಿ ಮುಗಿದ ಹೊಸತರಲ್ಲಿ. ಚಳಿಜ್ವರ ಅವನನ್ನು ಹಿಂಡಿಹಾಕಿತ್ತು. ಕಟ್ಟೆ ಹತ್ತಲು ನಮ್ಮ ಮನೆಯವರು ಕೈಹಿಡಿದರು. ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು, ಒಳಕೋಣೆಯಲ್ಲಿ ನಿದ್ದೆ ಹೋಗಿದ್ದರು. ನಾನು ಮಜ್ಜಿಗೆ ಕೊಟ್ಟು, ಮಾತಿಗಿರಲಿ ಎಂದು, "ಲಡಾಯಿ ಮುಗೀತಂತ. ಇನ್ನ ಊರಿಗೆ ಹೋಗ್ತೀರೇನು?" ಅಂದೆ.

"ಯಾರ ಹತ್ರ ಹೋಗಲಿ?" ಅಂದ. ಸ್ವಲ್ಪ ತಡೆದು, "ಮಗನ ಮಾರಿ ನೆನಪಿಗೆ ಬರೂದಿಲ್ಲ ತಂಗಿ. ಬೆಟ್ಟಾನೂ ಬರೂದಿಲ್ಲ. ಕಣ್ಣು ಮುಚ್ಚಿದ್ರ ಆನೆಗುಂದಿ ಬಂಡೆಗೋಳ ಕಾಣ್ತಾವ. ಎಲ್ಲೆಲ್ಲಿ ಏನಿತ್ತೋ, ಕಲಸಿಹೋಗೇತಿ," ಅಂದ.

ನಾನು ಹೇಳತೊಡಗಿದೆ. ಬುಡದಲ್ಲಿ ಹಳೆಯ ಮರಗಳ ತೋಪು, ಆಮೇಲೆ ಹರಿವ ಝರಿ, ಬಂಡೆಯ ಮೇಲಿನ ದೊಡ್ಡ ಅಕ್ಷರ, ಆಮೇಲೆ ಕಡಿದಾದ ಮೆಟ್ಟಿಲು, ಕೆಂಪು ಗೋಡೆಯ ಬಾಗಿಲು, ತಾಮ್ರದ ಹಂಚು. ಮುಂಜಾನೆ ಜನ ಹೊದ್ದುಕೊಂಡು ಸಾಲಾಗಿ ನಿಂತು ಮೋಡದ ಕೆಳಗಿಂದ ಸೂರ್ಯ ಏಳುವುದನ್ನು ನೋಡುವುದು. ಅವನೇ ಹೇಳಿದ್ದನ್ನೆಲ್ಲ, ಅವನು ಹೇಳಿದ ಕ್ರಮದಲ್ಲೇ ಹೇಳಿದೆ. ಮಕ್ಕಳಿಲ್ಲದ ವರ್ಷಗಳಲ್ಲಿ ನಾನು ಮನಸ್ಸಿನಲ್ಲೇ ಆ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೆನೋ. ಅವನು ತಲೆಬಾಗಿಸಿ ಕೇಳಿದ, ಯಾರದೋ ಊರಿನ ಸುದ್ದಿ ಕೇಳುವವನಂತೆ.

"ಹಂಗಿತ್ತೇನು?" ಅಂದ ಕೊನೆಗೆ.

"ಹಂಗಿತ್ತಂತ ನೀವ ಹೇಳಿದ್ರಿ."

"ಹೇಳಿರಬೇಕು," ಅಂದು ಎದ್ದ.

ಆರು ತಿಂಗಳಿಗೋ ಏನೋ, ಗಂಗಾವತಿಯ ಅಕ್ಕಿಯ ಚಕ್ಕಡಿಯವನೊಬ್ಬ ಚೀನಾದವನು ತೀರಿಕೊಂಡ ಸುದ್ದಿ ತಂದ. ನಮ್ಮ ಮನೆಯವರು ಹೊಲಿಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಅದೇ ಚಕ್ಕಡಿಯಲ್ಲಿ ಹೋದರು. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುಡುಗಾಡಿನವರು ನಮ್ಮವನಲ್ಲ ಅಂದಿದ್ದರು, ಖಬರಸ್ತಾನದವರು ನಮ್ಮವನಲ್ಲ ಅಂದಿದ್ದರು. ಕೊನೆಗೆ ಕಾಲುವೆಯ ಆಚೆ, ಯಾರಿಗೂ ಬೇಡವಾದ ಕಲ್ಲುನೆಲದಲ್ಲಿ ನಾಲ್ಕು ಜನ ಕೂಲಿಯವರು ಮಣ್ಣು ಮಾಡಿದ್ದರು. ನಮ್ಮ ಮನೆಯವರಿಗೆ ಜಾಗ ತೋರಿಸಿದ ಪೊಲೀಸಿನವನು, ಗುರುತಿನವರಿದ್ದೀರಲ್ಲ, ಹೆಸರೇನು ಅಂತ ಕೇಳಿದನಂತೆ.

"ನಾ ಏನ್ ಹೇಳ್ಲಿ? ನಾವು ಕೇಳೇ ಇಲ್ಲಲ್ಲ," ಅಂದರು ನಮ್ಮ ಮನೆಯವರು, ನನ್ನ ಮುಖ ನೋಡದೆ. ಖರೆ, ನಾವು ಯಾರೂ ಕೇಳಿರಲಿಲ್ಲ. ಅವನ ಹೆಂಡತಿಯ ಹೆಸರನ್ನೂ, ಮಗನ ಹೆಸರನ್ನೂ.

ಅತ್ತೆಗೆ ತಿಳಿಸುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು. ದೀಪಾವಳಿ ಬಂದಾಗ ಅವರೇ ಕೇಳಿದರು. "ಚೀನಾದಾಂವ ಬರ್ಲಿಲ್ಲೇನು?"

"ಊರಿಗೆ ಹೋದ್ರತ್ತಿ," ಅಂದೆ.

"ಹೆಂಡತಿ ಸಿಕ್ಕಳಂತೇನು?"

"ಸಿಕ್ಕಾಳಂತ. ಮಗಾನೂ ಅದಾನಂತ. ಮದುವಿ ಆಗೇತಂತ."

ಅತ್ತೆಯ ಮುಖ ಅರಳಿತು. ಬಹಳ ದಿನಗಳ ಮೇಲೆ ಅಂದು ಗಂಜಿಯನ್ನು ಪೂರ್ತಿ ಕುಡಿದರು. ಮರುದಿನದಿಂದ ದಿನವೂ ಅವನ ಸೊಸೆ ಹೇಗಿದ್ದಾಳೆ, ಹೊಲ ಯಾರು ಉಳುತ್ತಾರೆ ಎಂದು ಕೇಳುವರು. ನಾನು ದಿನವೂ ಒಂದೊಂದು ಹುಟ್ಟಿಸಿ ಹೇಳಿದೆ. ಸುಳ್ಳು ಹೇಳಿ ಮುಗಿಸಿ ಹೊರಗೆ ಬಂದು ಹಿತ್ತಲಲ್ಲಿ ನಿಲ್ಲುತ್ತಿದ್ದೆ. ಬೇಸಿಗೆಗೆ ಮುನ್ನ ಅತ್ತೆ ತೀರಿದರು.

ಅದರ ಮರುವರ್ಷ ಊರು ಸುಲಿಯುವ ರಜಾಕಾರರ ಗದ್ದಲ ಹೆಚ್ಚಾಗಿ, ಎಷ್ಟೋ ಜನರಂತೆ ನಾವೂ ಮಷೀನನ್ನು ಚಕ್ಕಡಿಗೆ ಹೇರಿಕೊಂಡು ಹೊಳೆ ದಾಟಿ, ಅವರ ಕಾಟವಿಲ್ಲದ ಹೊಸಪೇಟೆಯ ಕಡೆ ಹೋದೆವು. ನಿರಾಶ್ರಿತರು ಕೂತಿದ್ದ ಮಾವಿನ ತೋಪಿನಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ನನ್ನ ಪಕ್ಕದಲ್ಲಿ ಚಾಪೆ ಹಾಸಿದಳು. ಮುಂದೆ ಆಡುತ್ತಿದ್ದ ಸವತಿಯ ಮಕ್ಕಳನ್ನು ತೋರಿಸಿ, "ನಿನ್ನವೇನವ್ವಾ?" ಎಂದು ಕೇಳಿದಳು.

"ಅಲ್ರಿ," ಅಂದೆ.

"ನಿನಗೆಷ್ಟು?"

"ಇಲ್ರಿ."

ಅವಳು ಅಯ್ಯೋ ಅನ್ನುತ್ತ ನನ್ನ ಬೆನ್ನು ಸವರಿದಳು. ನನಗೆ ಅಳು ಬರಲಿಲ್ಲ. ಒಲೆಗೆ ಪುಳ್ಳೆ ಆರಿಸಬೇಕೆಂದು ಎದ್ದುಹೋದೆ.